ಬಿಳಿ ಲಂಗಗಳ ಮೇಡಂ

ಅವರನ್ನು ಅಪ್ಪಿಕೊಳ್ಳಲು ಎಲ್ಲರೂ ಹೆದರುತ್ತಿದ್ದರು. ಬೂದುಬಣ್ಣದ ಸ್ವೆಟರಿನ ಎಡಭುಜದಿಂದ ಎದೆಯವರೆಗೆ ಗುಂಡುಪಿನ್ನುಗಳು ಚುಚ್ಚಿಕೊಂಡಿರುತ್ತಿದ್ದವು. ಒಂದೊಂದರ ತಲೆಯಲ್ಲೂ ಸಾಸಿವೆಗಿಂತ ತುಸು ದೊಡ್ಡದಾದ ಗಾಜಿನ ಮಣಿ. ಮೆಲ್ಬರ್ನಿನ ನಮ್ಮವರ ಕೂಟಗಳಲ್ಲಿ ಭೇಟಿಯಾದವರೆಲ್ಲ ತಬ್ಬಿಕೊಳ್ಳುವ ರೂಢಿ ಬಂದುಬಿಟ್ಟಿದೆ. ಅರಿಯದವರು ತೋಳು ಚಾಚಿ ಮುಂದೆ ಬಂದರೆ ಅವರು ಎರಡೂ ಅಂಗೈ ಎತ್ತಿ, “ದೂರ ನಿಂದರ್ರಿ, ಚುಚ್ಚತದ” ಎನ್ನುತ್ತಿದ್ದರು. ಪಿನ್ನುಗಳನ್ನು ಮನೆಯಲ್ಲಿ ತೆಗೆದಿಟ್ಟು ಬರಬಹುದಲ್ಲ ಎಂದು ನಾನೊಮ್ಮೆ ಕೇಳಿದ್ದೆ. “ತಗದಿಟ್ರ ಅಪ್ಪಿಕೋತಾರಲ್ಲ” ಎಂದರು. ಅದು ಹಾಸ್ಯವೋ ನಿಜವೋ ನನಗೆ ತಿಳಿಯಲಿಲ್ಲ. ಅವರ ವಿಷಯದಲ್ಲಿ ನನಗೆ ತಿಳಿಯದೆ ಉಳಿದ ಸಂಗತಿಗಳಲ್ಲಿ ಅದು ಮೊದಲನೆಯದು.

ಎಲ್ಲರಿಗೂ ಅವರು ‘ಮೇಡಂ’. ಧಾರವಾಡದವರು. ಇತಿಹಾಸದಲ್ಲಿ ಎಂ.ಎ. ಮುಗಿಸಿ, ಮದುವೆಯಾಗಿ ಆಸ್ಟ್ರೇಲಿಯಕ್ಕೆ ಬಂದು, ಇಲ್ಲಿ ರಂಗಭೂಮಿಯ ಉಡುಪುಗಳ ಚರಿತ್ರೆ ಓದಿ, ಮೆಲ್ಬರ್ನಿನ ಕಾಲೇಜೊಂದರಲ್ಲಿ ನಿವೃತ್ತಿಯವರೆಗೆ ಅದನ್ನೇ ಪಾಠ ಮಾಡಿದವರು. ಗ್ರೀಕರ ನಿಲುವಂಗಿಯಿಂದ ಹಿಡಿದು ಇಂದಿನ ನೈಲಾನಿನವರೆಗೆ ಎಲ್ಲವನ್ನೂ ಕಲಿಸಿದ್ದರೂ ಅವರ ಜೀವವಿದ್ದದ್ದು ಒಂದೇ ಕಾಲದಲ್ಲಿ: ಯುರೋಪಿನವರು ರೊಮ್ಯಾಂಟಿಕ್ ಯುಗವೆಂದು ಕರೆಯುವ, ಹತ್ತೊಂಬತ್ತನೆಯ ಶತಮಾನದ ಮೊದಲರ್ಧದ ಬ್ಯಾಲೆ ನೃತ್ಯದಲ್ಲಿ, ಆ ನೃತ್ಯಕ್ಕೆಂದು ಹುಟ್ಟಿದ ಬಿಳಿ ಲಂಗದಲ್ಲಿ. ನಿವೃತ್ತಿಯ ನಂತರ ಸಣ್ಣಪುಟ್ಟ ಬ್ಯಾಲೆ ತಂಡಗಳಿಗೆ ಅಂಥ ಲಂಗಗಳನ್ನು ತಾವೇ ಹೊಲಿದುಕೊಡುತ್ತಿದ್ದರು. ಮೆಲ್ಬರ್ನಿನ ಹೊರವಲಯದ ಪಾಯಿಂಟ್ ಕುಕ್‌ನ ಅವರ ಮನೆಯ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಸೂರಿನ ತುಂಬ ಬಿಳಿ ಲಂಗಗಳು ತಲೆಕೆಳಗಾಗಿ ತೂಗುತ್ತಿದ್ದವು, ನೆರಿಗೆ ಕುಸಿಯದಿರಲೆಂದು. ಬೆಳಗಿನ ಗಾಳಿಗೆ ಬಾಗಿಲು ತೆರೆದರೆ ಅವೆಲ್ಲ ಒಟ್ಟಿಗೆ ಉಸಿರೆಳೆದಂತೆ ಉಬ್ಬುತ್ತಿದ್ದವು. ಕಾರು ಹೊರಗೆ ಬಿಸಿಲಲ್ಲಿ ಬಣ್ಣಗೆಡುತ್ತಿತ್ತು.

ಸಾರ್ವಜನಿಕ ನೀತಿ ಎಂಬ ವಿಷಯ ಓದಲೆಂದು ಮೆಲ್ಬರ್ನಿಗೆ ಬಂದ ನಾನು ಆ ಮನೆಯ ಮಹಡಿಯ ಕೋಣೆಯನ್ನು ಬಾಡಿಗೆಗೆ ಹಿಡಿದೆ. ದಾವಣಗೆರೆಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಪಾರಿತೋಷಕ ಗೆದ್ದು ಬೆಳೆದವಳು ನಾನು. ಪರ, ವಿರೋಧ, ಪ್ರತಿವಾದ, ಸಮಾರೋಪ: ಜಗತ್ತೇ ಹೀಗೆ ನಾಲ್ಕು ಭಾಗವಾಗಿ ನನ್ನ ಕಣ್ಣಿಗೆ ಕಾಣುತ್ತಿತ್ತು. ಹೆಂಗಸರನ್ನು ಕಟ್ಟಿಹಾಕುವ ಶಕುನ, ಮೈಲಿಗೆ, ಮುತ್ತೈದೆತನ ಇವೆಲ್ಲ ಸರಿಯಾದ ತರ್ಕದ ಮುಂದೆ ನಿಲ್ಲಲಾರವೆಂದು ಆಗ ನಂಬಿದ್ದೆ, ಈಗಲೂ ನಂಬುತ್ತೇನೆ. ಮೇಡಂ ನನ್ನ ಪಕ್ಷದವರೆಂದು ಮೊದಲ ದಿನವೇ ತೀರ್ಮಾನಿಸಿದ್ದೆ. ಗಂಡ ತೀರಿಕೊಂಡ ಮೇಲೂ ಅವರು ಕುಂಕುಮ ಇಡುತ್ತಿದ್ದರು, ಸಿಕ್ಕ ದಿನ ಮಲ್ಲಿಗೆ ಮುಡಿಯುತ್ತಿದ್ದರು. ಪಕ್ಕದ ಬೀದಿಯವರು ಹೊಸ ಕಾರಿನ ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆ ಮಾಡಿದಾಗ, “ನಾಳೆ ಫ್ರೀವೇ ಮ್ಯಾಲೆ ಹಿಂದಿನಾಂವ ಗುದ್ದಿದ್ರ ನಿಂಬಿಹಣ್ಣು ಇಳದು ಮಾತಾಡತದೇನು?” ಎಂದು ನಕ್ಕಿದ್ದರು. ಇಂಥವರು ಸಿಕ್ಕಿದ್ದು ನನ್ನ ಭಾಗ್ಯವೆಂದುಕೊಂಡೆ.

ಆಯುಧಪೂಜೆಯ ದಿನ ಮೊದಲ ಗೊಂದಲ ಹುಟ್ಟಿತು. ನನ್ನ ಕುಪ್ಪಸದ ದಾರವೊಂದು ಬಿಟ್ಟುಕೊಂಡಿತ್ತು, ಕತ್ತರಿ ಕೇಳಿದೆ. ಕೊಡಲಿಲ್ಲ. ಕತ್ತರಿಗಳನ್ನೆಲ್ಲ ಒರೆಸಿ ಮಷೀನಿನ ಪಕ್ಕ ಬಟ್ಟೆ ಹಾಸಿ ಮಲಗಿಸಿದ್ದರು.

“ಇದೇನು ಮೇಡಂ, ನೀವೂ?” ಎಂದೆ.

“ವರ್ಷಾನುಗಟ್ಟಲೆ ದುಡೀತಾವ. ಕತ್ತರಿಗೂ ಒಂದು ರಜಾ ಬ್ಯಾಡೇನು?”

ಶ್ರಮಿಕರ ಹಕ್ಕಿಗೆ ಸಂಬಂಧಿಸಿದ ಆಚರಣೆಯೆಂದು ನಾನು ಸಮಾಧಾನಪಟ್ಟುಕೊಂಡೆ. ಆದರೆ ಆ ದಿನ ಒಬ್ಬ ನರ್ತಕಿ ತುರ್ತಾಗಿ ಫೋನ್ ಮಾಡಿ ಬೇಡಿಕೊಂಡರೂ ಅವರು ದಾರದ ತುಂಡೊಂದನ್ನೂ ಕತ್ತರಿಸಲಿಲ್ಲ. ರಜೆಯೇ ಆಗಿದ್ದರೆ ಅಷ್ಟು ಬಿಗಿಯೇಕೆ? ಕೇಳಿದರೆ ಒಗ್ಗರಣೆ ಸೀದೀತೆಂದು ಎದ್ದು ಹೋದರು.

ಅವರ ನಿಜವಾದ ತರಗತಿ ಅಡುಗೆಮನೆ. ನನ್ನನ್ನು ‘ವಕೀಲವ್ವ’ ಎಂದು ಕರೆಯುತ್ತಿದ್ದರು. ಒಂದು ಸಂಜೆ ರೊಟ್ಟಿ ಬಡಿಯುತ್ತ ಬಿಳಿ ಲಂಗದ ಕಥೆ ತೆಗೆದರು.

“ಕೇಳಿಲ್ಲೆ, ವಕೀಲವ್ವಾ. ಅದಕ್ಕ ಮೊದ್ಲ ಕುಣಿಯೋ ಹೆಂಗಸರು ಭಾರೀ ರೇಷ್ಮಿ, ಜರಿ ಹೊತ್ಕೊಂಡು ರಾಣಿ ಆಗಿ ನಿಂದರತಿದ್ರು. ಆಮ್ಯಾಲೆ ಜನಕ್ಕ ರಾಣಿ ಸಾಕಾದ್ಲು. ಗಾಳಿಯಾಗಿನ ಹುಡುಗಿ ಬೇಕಾದ್ಲು, ನೀರಾಗಿನಾಕಿ ಬೇಕಾದ್ಲು, ಸತ್ತು ದೆವ್ವ ಆದಾಕಿ ಬೇಕಾದ್ಲು. ದೆವ್ವಕ್ಕ ಜರಿ ಉಡಸ್ಲಿಕ್ಕೆ ಬರತದೇನು?”

ಹಾಗಾಗಿ ರೇಷ್ಮೆ ಹೋಯಿತು. ಉಸಿರು ತಾಗಿದರೆ ಅಲುಗುವ ಮಸ್ಲಿನ್ ಬಂತು. ಪದರದ ಮೇಲೆ ಪದರವಾಗಿ ಗಂಟೆಯಾಕಾರಕ್ಕೆ ಉಬ್ಬಿದ ಲಂಗ, ಮೊಣಕಾಲಿಗೂ ಪಾದಕ್ಕೂ ನಡುವೆ ನಿಲ್ಲುವ ಅಂಚು. ತುದಿಗಾಲಲ್ಲಿ ನಿಲ್ಲುವುದು ಆಗಷ್ಟೇ ರೂಢಿಗೆ ಬರುತ್ತಿದ್ದುದರಿಂದ ಪಾದ ಕಾಣಲೇಬೇಕಿತ್ತು. ಭುಜ ಬಿಟ್ಟ ಬಿಗಿ ಕುಪ್ಪಸ, ತಲೆಗೆ ಹೂವಿನ ದಂಡೆ, ಬೆನ್ನ ಹಿಂದೆ ಪುಟ್ಟ ರೆಕ್ಕೆ. ಹೊಸದಾಗಿ ಬಂದ ಗ್ಯಾಸ್ ದೀಪಗಳ ಬೆಳಕು ಆ ಬಿಳುಪಿನ ಮೇಲೆ ಬಿದ್ದರೆ ರಂಗದ ಮೇಲೆ ಬೆಳುದಿಂಗಳು.

“ಆ ಬಿಳಿ ಬಟ್ಟಿ ಎಲ್ಲಿಂದ ಬಂತು ಹೇಳು?”

“ನಮ್ಮ ದೇಶದಿಂದ. ನಮ್ಮ ನೇಕಾರರ ಹೊಟ್ಟೆಯ ಮೇಲೆ ಹೊಡೆದು...”

“ಮೊದಲು ನಮ್ಮಲ್ಲಿಂದನ ಹೋಗ್ತಿತ್ತು. ಆ ಹೊತ್ತಿಗೆ ಅವರ ಮಷೀನುಗಳು ನಮ್ಮ ಬಟ್ಟಿ ನೋಡಿ ತಾವ ನೇಯ್ಲಿಕ್ಕೆ ಸುರು ಮಾಡಿದ್ವು. ಭಾಷಣ ಇನ್ನೂ ಅದ ಏನು, ಇಲ್ಲ ಚಾ ಇಡ್ಲ್ಯಾ?”

ಚಹಾ ಕುಡಿಯುತ್ತ ಮುಂದಿನ ಭಾಗ ಹೇಳಿದರು. ಆ ದೀಪಗಳು ತೆರೆದ ಜ್ವಾಲೆಗಳು. ಲಂಗದ ಅಂಚು ತುಸು ತಾಗಿದರೆ ಸಾಕು, ಹತ್ತಿಕೊಳ್ಳುತ್ತಿತ್ತು. ಹಲವು ನರ್ತಕಿಯರು ಸುಟ್ಟು ಸತ್ತರು. ಪಟಿಕ ಮುಂತಾದವುಗಳ ದ್ರಾವಣದಲ್ಲಿ ಬಟ್ಟೆ ಅದ್ದಿದರೆ ಬೆಂಕಿ ಹಿಡಿಯದೆಂದು ರಸಾಯನಶಾಸ್ತ್ರಜ್ಞರು ಕಂಡುಹಿಡಿದರು. ಅದ್ದಿದ ಬಟ್ಟೆ ಬಿರುಸಾಗುತ್ತಿತ್ತು, ಬಿಳುಪು ಮಂಕಾಗುತ್ತಿತ್ತು. ನರ್ತಕಿಯರಲ್ಲೇ ಕೆಲವರು ಅದನ್ನು ಉಡಲು ಒಪ್ಪಲಿಲ್ಲ.

“ಈಗ ಹೇಳು, ತಪ್ಪು ಯಾರದು?”

ನಾನು ಎದ್ದುನಿಂತೇ ಉತ್ತರಿಸಿದೆ. ನಾಟಕಶಾಲೆಯ ಮಾಲೀಕರು, ಮುಂದಿನ ಸಾಲಿನಲ್ಲಿ ಕೂತು ಹೆಣ್ಣಿನ ಹಗುರತನವನ್ನು ಹೊಗಳಿ ಬರೆದ ಗಂಡಸರು, ಬೇರೆ ಜೀವನೋಪಾಯವಿಲ್ಲದ ಹುಡುಗಿಯರ ಅಸಹಾಯಕತೆ, ಒಂದೊಂದನ್ನೂ ವಿವರಿಸಿದೆ. ಮೇಡಂ ಹೆಂಚಿನ ಮೇಲಿನ ರೊಟ್ಟಿ ಮಗುಚಿದರು.

“ಎಲ್ಲಾ ಖರೇ. ಆದ್ರ ಆಕಿ ‘ಒಲ್ಲೆ’ ಅಂದ್ಲಲ್ಲ. ಆ ‘ಒಲ್ಲೆ’ ಯಾರದು?”

“ಅದೂ ಅವಳದಲ್ಲ ಮೇಡಂ. ವ್ಯವಸ್ಥೆ ಅವಳ ಬಾಯಲ್ಲಿ ಆಡಿಸಿದ ಮಾತು.”

“ಹಂಗಾದ್ರ ಆಕೀದು ಅಂತ ಏನುಳೀತವ್ವಾ? ಬರೇ ಬೂದಿ?”

ರಾತ್ರಿಯೆಲ್ಲ ಯೋಚಿಸಿ ಮರುದಿನ ಪಕ್ಷ ಬದಲಿಸಿಕೊಂಡು ಬಂದೆ. ಅದು ಆಕೆಯ ಸ್ವಂತ ಆಯ್ಕೆ, ತನ್ನ ಕಲೆಗೆ ಆಕೆ ತೆತ್ತ ಬೆಲೆ, ಅದನ್ನು ನಾವು ಗೌರವಿಸಬೇಕು ಎಂದೆ. ಮೇಡಂ ಹುಬ್ಬೇರಿಸಿದರು. “ಅಂದ್ರ ಆಕಿ ಸುಡೂದನ್ನ ಗೌರವದಿಂದ ನೋಡ್ಕೋತ ಕೂಡಬೇಕಿತ್ತೇನು?” ಹಾಗಾದರೆ ನಿಮ್ಮ ಅಭಿಪ್ರಾಯವೇನು ಎಂದು ಕೇಳಿದೆ. “ನಂದೇನದ? ನಾ ಲಂಗಾ ಹೊಲಿಯಾಕಿ” ಎಂದರು. ಜೀವಮಾನವಿಡೀ ಆ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಟ್ಟವರು ತಮ್ಮ ಉತ್ತರವನ್ನು ಒಮ್ಮೆಯೂ ಹೇಳಿರಲಿಲ್ಲವೆಂದು ಆಮೇಲೆ ಅವರ ಹಳೆಯ ಶಿಷ್ಯರಿಂದ ತಿಳಿಯಿತು.

ಓದು ಮುಗಿದ ಮೇಲೆ ನನಗೆ ಸಿಡ್ನಿಯಲ್ಲಿ, ಬಾಡಿಗೆದಾರರ ಹಕ್ಕುಗಳಿಗಾಗಿ ದುಡಿಯುವ ಒಂದು ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಪೆಂಡಲ್ ಹಿಲ್ ಸ್ಟೇಷನ್ ಹತ್ತಿರ, ದಿನಸಿ ಅಂಗಡಿಯ ಮೇಲಿನ ಮಹಡಿಯಲ್ಲಿ ಮನೆ ಮಾಡಿದೆ. ಮೇಡಂ ವಾರಕ್ಕೊಮ್ಮೆ ಫೋನ್ ಮಾಡಿ, “ಯಾರ್‍ಯಾರನ್ನ ಸೋಲಿಸಿದಿ?” ಎಂದು ಕೇಳುತ್ತಿದ್ದರು.

ಅಲ್ಲಿ ನನಗೆ ಪರಿಚಯವಾದವರು ಮೇಘನಾ ಮತ್ತು ಅವಳ ತಾಯಿ. ತಾಯಿ ಮೈಸೂರಿನವರು, ಮಗಳು ಸಿಡ್ನಿಯಲ್ಲೇ ಬೆಳೆದವಳು, ಔಷಧದಂಗಡಿಯಲ್ಲಿ ಕೆಲಸ, ಚಿಕ್ಕಂದಿನಿಂದ ಬ್ಯಾಲೆ ಕಲಿತವಳು. ತಂಡಗಳ ಆಯ್ಕೆಗೆ ಹೋಗಿ ಹೋಗಿ ಬರಿಗೈಲಿ ಬರುತ್ತಿದ್ದವಳಿಗೆ ಕೊನೆಗೂ ಪಶ್ಚಿಮ ಸಿಡ್ನಿಯ ಒಂದು ಸಣ್ಣ ತಂಡದಲ್ಲಿ ಜಾಗ ಸಿಕ್ಕಿತ್ತು. ಹಳೆಯ ರೊಮ್ಯಾಂಟಿಕ್ ಮಾದರಿಯಲ್ಲಿ ಹೊಸದಾಗಿ ಕಟ್ಟಿದ ನೃತ್ಯ. ಅದರ ಕೊನೆಯ ಅಂಕದಲ್ಲಿ, ಮದುವೆಗೆ ಮುನ್ನ ಸತ್ತ ಹುಡುಗಿಯರ ಪ್ರೇತಗಳು ಕಾಡಿನಲ್ಲಿ ಸಾಲಾಗಿ ಕುಣಿಯುತ್ತವೆ. ಮೇಘನಾ ಆ ಸಾಲಿನಲ್ಲಿ ಒಬ್ಬಳು. ಅದೇ ಸಮಯಕ್ಕೆ ಅವಳ ನಿಶ್ಚಿತಾರ್ಥವೂ ಆಗಿತ್ತು. ಮದುವೆಯಾಗಿ ಪರ್ತ್‌ಗೆ ಹೋಗುವವಳು. ಅಲ್ಲಿ ಮತ್ತೆ ಇಂಥ ಅವಕಾಶ ಸಿಗುವುದು ದೂರದ ಮಾತು. ಕುಣಿದರೆ ಈಗಲೇ ಕುಣಿಯಬೇಕು.

ಲಂಗಗಳನ್ನು ಹೊಲಿಯುವ ಕೆಲಸವನ್ನು ಆ ತಂಡದವರು ಕೊಟ್ಟದ್ದು ನಮ್ಮ ಮೇಡಂಗೆ. ಅವರು ದೊಡ್ಡ ದೊಡ್ಡ ಚೀಲಗಳೊಂದಿಗೆ ಮೆಲ್ಬರ್ನಿನಿಂದ ರೈಲಿನಲ್ಲಿ ಬಂದು ನನ್ನ ಮನೆಯಲ್ಲಿ ಇಳಿದರು. “ವಿಮಾನದಾಗ ಒತ್ತಿ ತುಂಬ್ತಾರ, ನೆರಿಗಿ ಸಾಯ್ತಾವ.” ಮೇಘನಾಳಿಗೆ ಅಳತೆಯ ದಿನ ಕೆಲಸವಿದ್ದುದರಿಂದ ಆ ಸಂಜೆ ಅವಳ ಲಂಗವನ್ನು ನಾವಿಬ್ಬರೂ ಅವರ ಮನೆಗೇ ಒಯ್ದೆವು.

ತಾಯಿ ಚಕ್ಕುಲಿಯ ತಟ್ಟೆ ಹಿಡಿದು ಬಂದವರು ಚೀಲದಿಂದ ಹೊರಬಂದ ಬಿಳಿ ರಾಶಿಯನ್ನು ಕಂಡು ನಿಂತುಬಿಟ್ಟರು. “ಎಷ್ಟು ಚೆನ್ನಾಗಿದೆ ಮೇಡಂ! ಮೋಡ ಇದ್ದಂಗಿದೆ. ಏನು ಪಾರ್ಟು ಇವಳದ್ದು? ರಾಜಕುಮಾರೀನಾ?”

“ದೆವ್ವ” ಎಂದರು ಮೇಡಂ. “ಮದುವಿ ಮುಂಚೆ ಸತ್ತ ಹುಡುಗಿ.”

ತಟ್ಟೆ ಮೇಜಿನ ಮೇಲೆ ಇಳಿಯಿತು. “ಮೇಘಿ, ಇದನ್ನ ನೀನು ನಂಗೆ ಹೇಳಿರ್ಲಿಲ್ಲ.”

“ಇಟ್ಸ್ ಜಸ್ಟ್ ಎ ರೋಲ್, ಅಮ್ಮ.”

“ನಿಶ್ಚಿತಾರ್ಥ ಆಗಿರೋ ಹುಡುಗಿ ಕಣೇ ನೀನು! ಪರ್ತ್‌ನವರು ಏನಂದ್ಕೋತಾರೆ? ಅವರ ಮಾತು ಬಿಡು, ನನಗೇ ಆಗಲ್ಲ. ಈ ಬಟ್ಟೆ ಹಾಕ್ಬೇಡ. ಬೇರೆ ಯಾರಿಗಾದ್ರೂ ಕೊಡ್ಲಿ ಆ ಪಾರ್ಟು.”

ಮೇಘನಾ ಲಂಗದ ಅಂಚನ್ನು ಬೆರಳಿನಿಂದ ಮುಟ್ಟಿ ಕೈ ಹಿಂದೆಗೆದುಕೊಂಡಳು. ಮೇಡಂ ಲಂಗವನ್ನು ತೋಳಿಗೆ ಹಾಕಿಕೊಂಡು ಎದ್ದರು. “ಅಳತಿ ಅಂತೂ ತಗೊಂಡುಬಿಡ್ತೀನಿ. ಯಾರು ಹಾಕ್ಕೋತಾರ ಅನ್ನೂದು ಆಮ್ಯಾಲೆ ನೋಡೂಣು. ವಕೀಲವ್ವಾ, ನೀ ಮಾತಾಡ್ಕೋತ ಇರು.” ಹುಡುಗಿಯೊಂದಿಗೆ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ನಾನು ಮಾತಾಡಿದೆ. ಅಷ್ಟು ಚೆನ್ನಾಗಿ ಯಾವ ವೇದಿಕೆಯ ಮೇಲೂ ಮಾತಾಡಿರಲಾರೆ. ಪಾತ್ರ ಬೇರೆ, ಪಾತ್ರಧಾರಿ ಬೇರೆ ಎಂದೆ. ನಾಟಕದಲ್ಲಿ ಸತ್ತವನು ಪರದೆ ಇಳಿದ ಮೇಲೆ ಎದ್ದು ಊಟ ಮಾಡುವುದಿಲ್ಲವೇ ಎಂದೆ. ನರ್ಸುಗಳೂ ಬಿಳಿ ಉಡುತ್ತಾರೆ, ಈ ದೇಶದಲ್ಲಿ ಮದುಮಗಳೇ ಬಿಳಿ ಉಡುತ್ತಾಳೆ ಎಂದೆ. ಶಕುನದ ಭಯ ಹೆಣ್ಣುಮಕ್ಕಳನ್ನೇ ಏಕೆ ಹುಡುಕಿಕೊಂಡು ಬರುತ್ತದೆ, ಮದುಮಗ ಅಲ್ಲಿ ಪರ್ತ್‌ನಲ್ಲಿ ಯಾವ ಬಣ್ಣದ ಅಂಗಿ ತೊಟ್ಟಿದ್ದಾನೆಂದು ಯಾರಾದರೂ ಕೇಳಿದರೇ ಎಂದೆ. ಅವರು ಒಂದೊಂದಕ್ಕೂ “ಹೌದು” ಎಂದರು, “ಅದೂ ಸರಿ” ಎಂದರು. ಮಧ್ಯೆ ಎದ್ದು ಕಾಫಿ ತಂದುಕೊಟ್ಟರು.

“ನೀನು ಹೇಳಿದ್ದೆಲ್ಲ ಸರಿ ಕಣಮ್ಮ” ಎಂದರು ಕೊನೆಗೆ. “ಒಂದಕ್ಕೂ ನನ್ನ ಹತ್ರ ಉತ್ತರ ಇಲ್ಲ. ಆದ್ರೆ ಅವಳು ಅದನ್ನ ಹಾಕಲ್ಲ.”

ಸ್ಪರ್ಧೆಯಲ್ಲಾದರೆ ಉತ್ತರವಿಲ್ಲದವರು ಸೋತಂತೆ. ಗಂಟೆ ಬಾರಿಸುತ್ತಾರೆ, ತೀರ್ಪುಗಾರರು ಅಂಕ ಹಾಕುತ್ತಾರೆ. ಆ ಮನೆಯಲ್ಲಿ ಗಂಟೆ ಬಾರಿಸುವವರಿರಲಿಲ್ಲ. ನನ್ನ ವಾದದಲ್ಲಿ ಇಂದಿಗೂ ನನಗೆ ದೋಷ ಕಾಣುವುದಿಲ್ಲ. ಕಾಫಿ ಆರುತ್ತಿತ್ತು.

ಕೋಣೆಯ ಬಾಗಿಲು ತೆರೆಯಿತು. ಮೇಡಂ ಒಬ್ಬರೇ ಲಂಗ ಹಿಡಿದು ಬಂದರು. “ಅರಿಶಿಣ ಅದ ಏನ್ರೀ ಮನ್ಯಾಗ?”

“ಇರದೆ ಏನು ಮೇಡಂ? ಯಾಕೆ?”

“ಹೊಸಾ ಬಟ್ಟಿ ಅಲ್ಲೇನ್ರೀ? ಹಚ್ಚಲಾರದ ಹೆಂಗ ಹಾಕ್ಕೋಬೇಕು?”

ಹೊಸ ಬಟ್ಟೆ ಉಡುವ ಮುನ್ನ ಅದರ ಮೂಲೆಗೆ ಅರಿಶಿನ ಮುಟ್ಟಿಸುವುದು ನಮ್ಮ ಕಡೆಯ ಮನೆಗಳಲ್ಲೆಲ್ಲ ಇರುವ ವಾಡಿಕೆ. ನನ್ನ ಶಾಲೆಯ ಸಮವಸ್ತ್ರಕ್ಕೂ ಅಮ್ಮ ಹಚ್ಚುತ್ತಿದ್ದಳು. ಮೇಘನಾಳ ತಾಯಿ ಮೇಡಂ ಕೈಯಲ್ಲಿದ್ದ ಲಂಗವನ್ನು ಒಮ್ಮೆ ಮುಟ್ಟಿ ನೋಡಿದರು. ಒಳಗೆ ಹೋಗಿ ಬಟ್ಟಲಲ್ಲಿ ಅರಿಶಿನ ಕಲಸಿ ತಂದರು. ಇಬ್ಬರೂ ನೆಲದ ಮೇಲೆ ಕೂತು ಲಂಗವನ್ನು ಸುತ್ತ ತಿರುಗಿಸತೊಡಗಿದರು.

“ಇದಕ್ಕೆ ಮೂಲೇನೇ ಇಲ್ವಲ್ಲ ಮೇಡಂ!”

“ಖರೇ ನೋಡ್ರಿ. ಇಷ್ಟ್ ವರ್ಷ ಹೊಲದೀನಿ, ಹೊಳದಿರಲಿಲ್ಲ.”

“ಸೊಂಟಪಟ್ಟಿಗೆ ಇಡೋಣ್ವಾ?”

“ಬ್ಯಾಡ್ರೀ, ಬೆವರಿಗೆ ಇಳೀತದ. ಅಂಚಿಗೆ ಇಡ್ರಿ. ಹೊಲಿಗಿ ಎಲ್ಲಿ ಕೂಡತದೋ ಅದ ಮೂಲಿ ಅಂತ ತಿಳಕೋರಿ.”

ತಾಯಿ ಉಂಗುರಬೆರಳಿನಿಂದ, ಎಲ್ಲಕ್ಕಿಂತ ಮೇಲಿನ ಪದರದ ಹಿಂಬದಿಯ ಅಂಚಿನಲ್ಲಿ, ಒಂದು ಚಿಕ್ಕ ಬೊಟ್ಟಿಟ್ಟರು. ಅವರ ತುಟಿಗಳು ಅಲುಗಿದವು. ಆಮೇಲೆ ಕೋಣೆಯ ಕಡೆ ತಿರುಗಿ, “ಹೂಂ, ಹಾಕ್ಕೋ ಬಾರೇ” ಎಂದರು.

ಮನೆಗೆ ನಡೆದು ಬರುವಾಗ ನನಗೆ ತಡೆಯಲಾಗಲಿಲ್ಲ. “ನೀವು ಮೂಢನಂಬಿಕೆಗೆ ಶರಣಾದಿರಿ ಮೇಡಂ. ನಾನು ಗೆದ್ದಿದ್ದೆ.”

“ಹೌದ?”

“ಅವರ ಬಳಿ ಒಂದು ಉತ್ತರವೂ ಇರಲಿಲ್ಲ.”

“ಮತ್ತ ಕೂಸು ಕುಣೀತದೋ ಇಲ್ಲೋ?”

“ಪ್ರಶ್ನೆ ಅದಲ್ಲ.”

“ಮತ್ತ ಯಾವ್ದು?”

ಹೇಳಲು ಬಾಯಿ ತೆರೆದೆ. ಮೇಡಂ ಅಂಗಡಿಯ ಮುಂದೆ ನಿಂತು ಮೆಂತ್ಯ ಸೊಪ್ಪಿನ ಕಟ್ಟುಗಳನ್ನು ಒಂದೊಂದಾಗಿ ಮೂಸಿ ನೋಡುತ್ತಿದ್ದರು.

ಪ್ರದರ್ಶನದ ಸಂಜೆ ಮೇಘನಾಳ ತಾಯಿ, ಮೇಡಂ, ನಾನು ಅಕ್ಕಪಕ್ಕ ಕೂತಿದ್ದೆವು. ಗ್ಯಾಸ್ ದೀಪದ ಕಾಲ ಹೋಗಿದೆ. ಆ ತಂಡದವರು ಪ್ರೇತಗಳ ಅಂಕಕ್ಕೆ ಅತಿನೇರಳೆ ದೀಪಗಳನ್ನು ಹಾಕಿದ್ದರು. ಆ ಬೆಳಕಿನಲ್ಲಿ ರಂಗವೆಲ್ಲ ಕತ್ತಲಾಗಿ ಬಿಳಿ ಬಟ್ಟೆ ಮಾತ್ರ ನೀಲಿಯಾಗಿ ಉರಿಯುತ್ತದೆ. ಪರದೆ ಎದ್ದಿತು. ಮುಖಪರದೆ ಹೊದ್ದ ಹುಡುಗಿಯರ ಸಾಲು ತೇಲಿಬಂತು. ಒಬ್ಬಳಂತೆ ಇನ್ನೊಬ್ಬಳು, ಯಾರು ಯಾರೆಂದು ಹೇಳುವುದು ಸಾಧ್ಯವಿರಲಿಲ್ಲ. ರೊಮ್ಯಾಂಟಿಕ್ ಯುಗದವರು ಬಯಸಿದ್ದೇ ಅದು, ಹೆಸರಿಲ್ಲದ ಬಿಳುಪು, ಎಂದು ಮೇಡಂ ಹೇಳಿದ್ದು ನೆನಪಾಯಿತು.

ಸಾಲು ಹಿಂತಿರುಗಿದಾಗ ಒಂದು ಲಂಗದ ಅಂಚಿನಲ್ಲಿ ಹಸಿರು ಬೆರೆತ ಹಳದಿಯ ಒಂದು ಕಿಡಿ ಹೊಳೆಯಿತು. ಅರಿಶಿನಕ್ಕೆ ಆ ಬೆಳಕಿನಲ್ಲಿ ಹೊಳೆಯುವ ಗುಣವಿದೆಯಂತೆ. ನನಗೆ ತಿಳಿದದ್ದು ಆಮೇಲೆ. ಹಗಲಿನಲ್ಲಿ ಕಾಣದಷ್ಟು ಚಿಕ್ಕ ಬೊಟ್ಟು ಅಲ್ಲಿ ಮಿಣುಕುಹುಳದಂತೆ ಏರುತ್ತ, ಇಳಿಯುತ್ತ, ಸುತ್ತುತ್ತ ಹೋಯಿತು.

“ಅಯ್ಯೋ, ನಮ್ಮ ಮೇಘಿ!” ಎಂದು ತಾಯಿ ಗಟ್ಟಿಯಾಗಿ ಕೂಗಿದರು. “ಅಲ್ನೋಡಿ ಮೇಡಂ, ಅಲ್ಲಿ, ಅಗೋ ಅಲ್ಲಿ!”

ಮುಂದಿನ ಸಾಲಿನವರು ತಿರುಗಿ ಶ್ ಎಂದರು. ತಾಯಿಗೆ ಕೇಳಿಸಲಿಲ್ಲ. ಅಂಕ ಮುಗಿಯುವವರೆಗೆ ಅವರ ಮುಖ ಆ ಕಿಡಿಯ ಹಿಂದೆ ಎಡಕ್ಕೆ, ಬಲಕ್ಕೆ ತಿರುಗುತ್ತಲೇ ಇತ್ತು. ಕಣ್ಣೀರನ್ನು ಒರೆಸಿಕೊಳ್ಳಲೂ ಮರೆತಿದ್ದರು. ಮೇಡಂ ಏನು ನೋಡುತ್ತಿದ್ದಾರೆಂದು ನಾನು ತಿರುಗಿದೆ. ಅವರು ಕಣ್ಣು ಮುಚ್ಚಿ ಸಂಗೀತ ಕೇಳುತ್ತಿದ್ದರು, ಅಥವಾ ಹಾಗೆ ನಟಿಸುತ್ತಿದ್ದರು.

ನೇಪಥ್ಯದಲ್ಲಿ ನಿರ್ದೇಶಕಿ ಕೆಂಡವಾಗಿದ್ದಳು. ಇಡೀ ಅಂಕದ ಜೀವವೇ ಆ ಏಕರೂಪತೆ, ಅದನ್ನು ಒಂದು ಹಳದಿ ಕಲೆ ಕೆಡಿಸಿತು. ಯಾರು ಹಾಕಿದ್ದು ಅದನ್ನು? ಮೇಘನಾ ಬಿಳಿಚಿಕೊಂಡು ನಿಂತಿದ್ದಳು. “ಅದು ನನ್ನ ಗುರುತು” ಎಂದರು ಮೇಡಂ ಇಂಗ್ಲಿಷಿನಲ್ಲಿ, ತಣ್ಣಗೆ. “ನಾನೇ ಹಾಕಿದ್ದು. ಹುಡುಗಿಗೆ ಗೊತ್ತಿಲ್ಲ.” ಅವರ ಬೇರೆ ಯಾವ ಲಂಗದ ಮೇಲೂ ಅಂಥ ಗುರುತು ಇರಲಿಲ್ಲ. ಮುಂದಿನ ವರ್ಷದ ಕೆಲಸ ಬೇರೆಯವರಿಗೆ ಎಂದು ನಿರ್ದೇಶಕಿ ಅಲ್ಲೇ ಹೇಳಿದಳು.

ಆಗ ನಾನು ಮುಂದೆ ಬಂದೆ. ಒಂದು ಸಮುದಾಯದ ಆಚರಣೆಯನ್ನು ಕೊಳೆಯೆಂದು ಕರೆಯುವ ಅಧಿಕಾರ ನಿಮಗಿಲ್ಲ, ಬಹುಸಂಸ್ಕೃತಿಯ ದೇಶದ ರಂಗಭೂಮಿ ಇಷ್ಟು ಸಂಕುಚಿತವಾಗಬಾರದು ಎಂದು ಅರಿಶಿನದ ಪರವಾಗಿ ಸುದೀರ್ಘವಾಗಿ ವಾದಿಸಿದೆ. ಕಾರಿನಲ್ಲಿ ಮೇಡಂ ಪಕ್ಕೆ ಹಿಡಿದುಕೊಂಡು ನಗುತ್ತಿದ್ದರು. “ಆವತ್ತ ಆ ಕಡೆ ಇದ್ದಿ, ಇವತ್ತ ಈ ಕಡೆ. ಯಾವ ಸ್ಟೇಷನ್ನಿನಾಗ ಗಾಡಿ ಬದಲಿ ಮಾಡಿದಿ ಯವ್ವಾ?” ನಾನು ಯಾವ ಕಡೆ ಇದ್ದೇನೆಂದು ನಿಜಕ್ಕೂ ನನಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಮೇಘನಾಳ ತಾಯಿ ತಾವಾಗಿಯೇ ನನ್ನ ಮನೆಗೆ ಬಂದರು. ಬಾಗಿಲಲ್ಲೇ ನನಗೆ, “ನೀನು ಏನೂ ಅನ್ಬೇಡಮ್ಮ” ಎಂದು ಹೇಳಿ, ಮೇಡಂ ರಾತ್ರಿಯೇ ಜೊತೆಗೆ ತಂದಿದ್ದ ಆ ಲಂಗವನ್ನೆತ್ತಿಕೊಂಡು ನೇರ ಬಾಲ್ಕನಿಗೆ ನಡೆದರು. ಅರಿಶಿನ ಬಿಸಿಲಿಗೆ ಹಾರಿಹೋಗುತ್ತದೆಂದು ಯಾವ ಗೃಹಿಣಿಗೆ ಗೊತ್ತಿಲ್ಲ? ಅವರೂ ಮೇಡಮ್ಮೂ ಆ ಬೊಟ್ಟನ್ನು ಒದ್ದೆ ಮಾಡಿ, ಲಂಗವನ್ನು ಬಿಸಿಲಿಗೆ ಹರಡಿ, ಕುರ್ಚಿ ಹಾಕಿಕೊಂಡು ಕಾವಲು ಕೂತರು. ಕೆಳಗೆ ತರಕಾರಿ ಕೊಳ್ಳಲು ಬಂದವರು ತಲೆಯೆತ್ತಿ ನೋಡಿ ಹೋಗುತ್ತಿದ್ದರು. ಅಷ್ಟು ಪಟ್ಟುಹಿಡಿದವರು ಈಗ ತಾವೇ ತೆಗೆಯುತ್ತಿದ್ದಾರಲ್ಲ ಎಂದು ನಾನು ಬೆರಗಾದೆ. “ಒಂದ್ಸಲ ಹಚ್ಚಿದ್ರೆ ಆಯ್ತಲ್ಲ” ಎಂದರು ತಾಯಿ, ಮೇಡಂ ಕಡೆ ನೋಡಿ. ಮೇಡಂ ತಲೆಯಾಡಿಸಿದರು. ಉಳಿದ ಪ್ರದರ್ಶನಗಳಲ್ಲಿ ಮೇಘನಾ ಯಾರಿಗೂ ಗುರುತು ಸಿಗದಂತೆ ಕುಣಿದಳು. ಆಮೇಲೆ ಮದುವೆಯಾಗಿ ಪರ್ತ್‌ಗೆ ಹೋದಳು. ಅವಳ ತಾಯಿ ಅಂಗಡಿಯಲ್ಲಿ ನನ್ನನ್ನು ಕಂಡರೆ ನಕ್ಕು, ನಾನು ಮಾತು ಶುರುಮಾಡುವ ಮೊದಲೇ ಬೇಗಬೇಗ ದಾಟಿಹೋಗುತ್ತಿದ್ದರು.

ಮೇಡಂಗೆ ಮತ್ತೆ ಯಾವ ತಂಡದಿಂದಲೂ ಕರೆ ಬರಲಿಲ್ಲ. ಒಮ್ಮೆ ಫೋನಿನಲ್ಲಿ ಕೇಳಿಯೇಬಿಟ್ಟೆ: “ಬಟ್ಟೆ ಮತ್ತು ಬೆಳಕು, ನೀವು ಜೀವನವಿಡೀ ಓದಿದ್ದೇ ಇವೆರಡನ್ನು. ಆ ದೀಪದಲ್ಲಿ ಅರಿಶಿನ ಹೊಳೆಯುತ್ತದೆಂದು ನಿಮಗೆ ಗೊತ್ತಿತ್ತೇ?”

“ಗೊತ್ತಿತ್ತು ಅಂದ್ರೂ ನೀ ವಾದಾ ಮಾಡ್ತಿ, ಗೊತ್ತಿರಲಿಲ್ಲ ಅಂದ್ರೂ ಮಾಡ್ತಿ. ಊಟ ಆತೇನು?”

ಅದಾಗಿ ಒಂದು ಚಳಿಗಾಲದಲ್ಲಿ ಅವರಿಗೆ ಆರೋಗ್ಯ ಕೆಟ್ಟಿತು. ವಸಂತ ಬರುವ ಮುಂಚೆ ತೀರಿಕೊಂಡರು. ಪಾಯಿಂಟ್ ಕುಕ್‌ನ ಸಮುದಾಯ ಭವನದಲ್ಲಿ ಶ್ರದ್ಧಾಂಜಲಿ ಸಭೆ ಗೊತ್ತಾಯಿತು. ಮಾತಾಡಬೇಕಾದವರಲ್ಲಿ ನಾನೂ ಒಬ್ಬಳು. ಅಂಧಶ್ರದ್ಧೆಯ ನಡುವೆ ವಿವೇಕದ ದೀಪ ಹಿಡಿದವರು ಎಂಬ ಅರ್ಥದ ಭಾಷಣವನ್ನು ಸಿಡ್ನಿಯಿಂದಲೇ ಸಿದ್ಧಪಡಿಸಿಕೊಂಡು ಹೊರಟೆ. ಅರಿಶಿನದ ಪ್ರಸಂಗವನ್ನು ‘ತಾಯಿಯೊಬ್ಬರ ಮನವೊಲಿಸಲು ಬಳಸಿದ ಉಪಾಯ’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದೆ. ಅವರ ಬಗ್ಗೆ ಬೇರೆ ಯಾವ ತೀರ್ಮಾನಕ್ಕೆ ಬರಲು ಸಾಧ್ಯ?

ಮೇಘನಾ ಪರ್ತ್‌ನಿಂದ ಬಂದಿಳಿದಳು. ಅವಳ ತಾಯಿ ಸಿಡ್ನಿಯಿಂದ ಹಿಂದಿನ ದಿನವೇ ತಲುಪಿದ್ದರು. ಮೆಲ್ಬರ್ನಿನ ವಿಮಾನ ನಿಲ್ದಾಣದಿಂದ ಮೇಘನಾ, ನಾನು ಒಂದೇ ಕಾರಿನಲ್ಲಿ ಹೊರಟೆವು. ಫ್ರೀವೇ ಸೇರಿದ ಮೇಲೆ ಅವಳು ಹೇಳಿದಳು: “ಅಕ್ಕ, ಒಂದು ವಿಷ್ಯ. ಅವತ್ತು ಅರಿಶಿನದ ಐಡಿಯಾ ಮೇಡಂದಲ್ಲ. ನಂದು.”

“ಅಮ್ಮನನ್ನು ಒಪ್ಪಿಸೋಕೆ?”

“ನೋ. ನಂಗೇ ಭಯ ಆಗಿತ್ತು. ರೂಮಲ್ಲಿ ಅದನ್ನ ಹಾಕ್ಕೊಂಡು ಕನ್ನಡೀಲಿ ನೋಡ್ಕೊಂಡೆ... ಐ ವಾಸ್ ಸೋ ಸ್ಕೇರ್ಡ್. ಸತ್ತ ಬ್ರೈಡ್ ಥರಾನೇ ಕಾಣ್ತಿದ್ದೆ. ಅಮ್ಮ ಹೊಸ ಬಟ್ಟೆಗೆ ಹಚ್ಚೋ ಹಾಗೆ ಹಚ್ಚಿಕೊಡಿ ಅಂತ ಕೇಳ್ದೆ. ಅವರು ನಗ್ಲಿಲ್ಲ. ಹಚ್ಚಿದ್ರೆ ಕುಣೀತೀಯೇನು ಅಂದ್ರು ಅಷ್ಟೇ.”

“ನನಗೆ ಯಾಕೆ ಹೇಳಲಿಲ್ಲ ನೀನು?”

ಅವಳು ಕಿಟಕಿಯ ಕಡೆ ತಿರುಗಿದಳು. “ನೀವು ಆರ್ಗ್ಯೂ ಮಾಡ್ತಿದ್ರಿ. ಯೂ ವುಡ್ ವಿನ್, ಅಕ್ಕ. ಆಮೇಲೂ ನಂಗೆ ಭಯ ಇರ್ತಿತ್ತು. ಅಕ್ಕಂಗೆ ಹೇಳ್ಬೇಡಿ ಅಂತ ನಾನೇ ಪ್ರಾಮಿಸ್ ತಗೊಂಡಿದ್ದೆ.”

ಪಾಯಿಂಟ್ ಕುಕ್ ತಲುಪುವವರೆಗೆ ನಾನು ಲೆಕ್ಕಹಾಕುತ್ತಲೇ ಇದ್ದೆ. ಹಾಗಾದರೆ ಮೇಡಂ ಉಪಾಯ ಹೂಡಿರಲಿಲ್ಲ. ಶರಣಾಗಿಯೂ ಇರಲಿಲ್ಲ. ನಂಬಿ ಹಚ್ಚಿಸಿದರೇ? ನಂಬದೆ ಹಚ್ಚಿಸಿದರೇ? ಹುಡುಗಿ ಬೇರೇನಾದರೂ ಕೇಳಿದ್ದರೆ ಅದನ್ನೂ ಮಾಡುತ್ತಿದ್ದರೇ? ನನ್ನ ಗೇಲಿಯನ್ನೆಲ್ಲ ಕೇಳಿಸಿಕೊಂಡು, ಕೆಲಸವನ್ನೂ ಕಳೆದುಕೊಂಡು, ಹುಡುಗಿಗೆ ಕೊಟ್ಟ ಮಾತನ್ನು ಕೊನೆಯವರೆಗೆ ಉಳಿಸಿಕೊಂಡಿದ್ದರು. ಇದು ಯಾವ ಪಕ್ಷ?

ಸಭೆಯಲ್ಲಿ ಮೊದಲು ಮಾತಾಡಿದ್ದು ಮೇಘನಾಳ ತಾಯಿ. ಅಂಥ ಆಚಾರವಂತರನ್ನು ಈ ದೇಶದಲ್ಲಿ ತಾವು ಬೇರೆ ಕಂಡಿಲ್ಲವೆಂದು ಕಣ್ಣೊರೆಸಿಕೊಂಡು ಕೂತರು. ಆಮೇಲೆ ಮೇಡಂ ಜೊತೆ ಕಾಲೇಜಿನಲ್ಲಿ ಪಾಠ ಮಾಡಿದ್ದ ಬಿಳಿಗೂದಲ ಆಸ್ಟ್ರೇಲಿಯನ್ ಗೆಳತಿ ಎದ್ದು, ದಾರವನ್ನು ಬಿಟ್ಟು ಇನ್ನಾವುದನ್ನೂ ನಂಬದಿದ್ದ ಅಪ್ಪಟ ನಾಸ್ತಿಕಳೆಂದು ಪ್ರೀತಿಯಿಂದ ಹೊಗಳಿದಳು. ಆಮೇಲೆ ನನ್ನ ಹೆಸರು ಕರೆದರು. ಸಮಾರೋಪದ ಸರದಿ, ಗೆಲ್ಲಬಲ್ಲವರು ಕಾಯುವುದೇ ಈ ಸರದಿಗಾಗಿ. ಬರೆದು ತಂದದ್ದನ್ನು ಕೈಚೀಲದಿಂದ ಹೊರತೆಗೆಯಲಿಲ್ಲ.

“ಮೇಡಂ ಏನನ್ನು ನಂಬಿದ್ದರು ಎಂಬುದು ನನಗೆ ಗೊತ್ತಿಲ್ಲ” ಎಂದೆ. “ಅವರು ನನ್ನ ವಾದವನ್ನೆಲ್ಲ ಕೊನೆಯವರೆಗೆ ಕೇಳುತ್ತಿದ್ದರು. ಒಂದನ್ನೂ ಒಪ್ಪಲಿಲ್ಲ. ಒಂದು ದಿನವೂ ಉಪವಾಸ ಕಳಿಸಲಿಲ್ಲ.”

ಸಮಯ ಇನ್ನೂ ಇದೆಯೆಂದು ನಿರೂಪಕರು ಸನ್ನೆ ಮಾಡಿದರು. ನಾನು ಕೈಮುಗಿದು ಕೆಳಗಿಳಿದೆ. ಸಭಾಂಗಣ ತುಂಬಿತ್ತು, ಎಲ್ಲಿ ಕೂರುವುದೆಂದು ತಿಳಿಯದೆ ನಡುದಾರಿಯಲ್ಲಿ ನಿಂತೆ. ಮೇಘನಾಳ ತಾಯಿ ನನ್ನನ್ನು ನೋಡಿದರು. ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಚೀಲವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡರು. “ಬಾಮ್ಮ” ಎಂದರು.